ದೊರೆಸಾನಿಯ ಕೈಯ ಹಸಿರು

ರಾಮದುರ್ಗ
4 ಜುಲೈ 2024

ಅನ್ನಪೂರ್ಣಾ,

ಕೈಯಲ್ಲಿ ಫೋನು ಇಟ್ಟುಕೊಂಡು ಇವಳೇಕೆ ಕಾಗದ ಬರೆದಳು ಎಂದು ನಗಬೇಡ. ಕಾರಣವಿದೆ, ಹೇಳುತ್ತೇನೆ.

ಮೊನ್ನೆ ನಿನ್ನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನಿಮ್ಮ ಅತ್ತೆಯವರ ಫೋಟೋ ನೋಡಿದೆ. ಕಣ್ಣಿನ ಆಪರೇಶನ್ ಆಗಿ ಬೈಲಹೊಂಗಲದಿಂದ ಮನೆಗೆ ಬಂದರು ಎಂದು ಹಾಕಿದ್ದೆಯಲ್ಲ, ಅದು. ಅವರ ಹಿಂದಿನ ಗೋಡೆಯ ಮೇಲೆ ಒಂದು ಚಿತ್ರವಿದೆ. ಕಿಟಕಿಯ ಹತ್ತಿರ ಕುಳಿತ ಇಂಗ್ಲಿಷ್ ಹೆಂಗಸು, ತೊಡೆಯ ಮೇಲೆ ತೆರೆದ ಪುಸ್ತಕ. ದೊಡ್ಡದು ಮಾಡಿ ನೋಡಿದೆ. ಅವಳು ಮಾರ್ವೆನ್. ವಿಕ್ಟೋರಿಯಾ ರಾಣಿಯ ಕಾಲದ ಒಂದು ಕಥನಕವನದ ನಾಯಕಿ. ಸಮುದ್ರದಾಚೆ ಹೋದ ಗಂಡನಿಗಾಗಿ ಅವನದೇ ಪುಸ್ತಕ ಓದುತ್ತ ಕಾಯುವವಳು. ಆ ಚಿತ್ರದ ಹೆಸರೂ ಒಂದು ಸಾಲಿನ ವಿವರವೂ ಒಂದು ಹಳೆಯ ಪಟ್ಟಿಯಲ್ಲಿವೆ, ಚಿತ್ರ ಮಾತ್ರ ಎಲ್ಲಿಯೂ ಸಿಕ್ಕಿಲ್ಲ. ಇಂಗ್ಲೆಂಡಿಗೂ ಬರೆದು ಕೇಳಿದ್ದೆ. ಅದರ ಅಚ್ಚುಪ್ರತಿ ಚಚಡಿಯ ನಿಮ್ಮ ವಾಡೆಯಲ್ಲಿದೆ!

ನನ್ನ ಪಿಎಚ್.ಡಿ. ವಿಷಯವೇ ಇದು: ಕಾವ್ಯದ ನಾಯಕಿಯರನ್ನು ಆ ಕಾಲದ ಚಿತ್ರಕಾರರು ಯಾವ ಯಾವ ಸಂಕೇತಗಳಲ್ಲಿ ತೋರಿಸಿದರು ಎಂಬುದು. ಎಂಟು ವರ್ಷವಾಯಿತು. ಬರುವ ಮಾರ್ಚಿಗೆ ಒಪ್ಪಿಸದಿದ್ದರೆ ನೋಂದಣಿ ರದ್ದು. ನಲವತ್ತೆಂಟನೆಯ ವಯಸ್ಸಿನಲ್ಲಿ ಇನ್ನೊಮ್ಮೆ ಮೊದಲಿನಿಂದ ಆಗುವುದಿಲ್ಲ. ಯಾರೂ ನೋಡದ ಒಂದು ಚಿತ್ರ ಬೇಕೆಂದು ನನ್ನ ಮಾರ್ಗದರ್ಶಕರು ರಘೋತ್ತಮ ಸರ್ ಹೇಳುತ್ತಲೇ ಇದ್ದರು. ಮನೆಯವರ ಕೈಬರಹದಲ್ಲಿ ಚಿತ್ರದ ವಿವರಣೆ ತರಿಸು, ಪ್ರಬಂಧಕ್ಕೆ ಸೇರಿಸಬೇಕು ಎಂದಿದ್ದಾರೆ. ಬರೆದು ಕಳಿಸುತ್ತೀಯಾ?

ನಿನ್ನ ರಂಜನಾ


ಚಚಡಿ
15 ಜುಲೈ 2024

ಲೇ ರಂಜಿ,

ಹನ್ನೊಂದು ವರ್ಷದ ಮೇಲೆ ನೆನಪಾಯಿತು. ನಾನಲ್ಲ, ನನ್ನ ಮನೆಯ ಗೋಡೆ. ಇರಲಿ, ಗೋಡೆಯ ಪುಣ್ಯದಿಂದ ನನಗೂ ಒಂದು ಕಾಗದ ಬಂತು.

ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಖೋಲಿಯಲ್ಲಿ ಎರಡು ವರ್ಷ ಇದ್ದೆವು. ಚಿನ್ನದ ಪದಕ ನನಗೆ ಬಂತು, ನೌಕರಿ ನಿನಗೆ ಬಂತು. ನೀನು ರಾಮದುರ್ಗದಲ್ಲಿ ಮೇಡಂ ಆದೆ, ನಾನು ಚಚಡಿಯಲ್ಲಿ ಸೊಸೆಯಾದೆ. ಈ ಮನೆಗೆ ಬಂದ ಮೇಲೆ ನನ್ನ ಓದು ಬಿಡಿಸಿದರು ಎಂದು ನಿನಗೆ ಮೊದಲೇ ಹೇಳಿದ್ದೇನೆ. ಮತ್ತೆ ಹೇಳಿದರೆ ನಿನಗೆ ಬೇಜಾರು, ನನಗೆ ಹೊಟ್ಟೆಯುರಿ.

ವಿವರಣೆ ಬೇಕಲ್ಲ, ತಗೋ. ನಮ್ಮ ಮಾವನವರ ತಂದೆ ಗಂಗಯ್ಯನವರು, ಇಂಗ್ಲಿಷರು ಹೋಗುವಾಗ ಬೆಳಗಾವಿ ಕ್ಯಾಂಪಿನ ಬಂಗಲೆಯೊಂದರ ಲಿಲಾವಿನಲ್ಲಿ ಸವಾಲು ಕೂಗಿ ಇದನ್ನು ಕೊಂಡು ತಂದರಂತೆ. ಮನೆಯಲ್ಲಿ ಎಲ್ಲರೂ ಇವಳನ್ನು ದೊರೆಸಾನಿ ಎನ್ನುತ್ತಾರೆ. ಕಂದು ಬಣ್ಣದ ಅಂಗಿ. ನೆಲದ ಮೇಲೆ ಒಂದು ಕೈಗವಸು ಬಿದ್ದಿದೆ. ಆರಿದ ಮೇಣದ ಬತ್ತಿ. ಕೂದಲಲ್ಲಿ ಒಂದು ಹಳದಿ ಹೂವು, ಎರಡೂ ಮಣಿಕಟ್ಟಿನಲ್ಲಿ ಹಸಿರು. ಗಾಜು ಹಳೆಯದು, ಮಬ್ಬಾಗಿದೆ. ಕೆಳಗಿಳಿಸಲು ಆಗುವುದಿಲ್ಲ, ಮೊಳೆಗೆ ಕೈ ಹಚ್ಚಿದರೆ ಗೋಡೆಯ ಮಣ್ಣೇ ಉದುರುತ್ತದೆ.

ಬಂದು ನೋಡಿಕೊಂಡು ಹೋಗು. ರಾಮದುರ್ಗವೇನು ಲಂಡನ್ನಿನಲ್ಲಿ ಇಲ್ಲ.

ಅನ್ನಪೂರ್ಣಾ


ರಾಮದುರ್ಗ
22 ಆಗಸ್ಟ್ 2024

ಪ್ರೀತಿಯ ಅನ್ನಪೂರ್ಣಾ,

ಆ ದಿನ ನೀನು ಮಾಡಿದ ಹೋಳಿಗೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಕುರ್ಚಿಯ ಮೇಲೆ ಹತ್ತಿ ನಿಂತು ಮೂವತ್ತು ಫೋಟೋ ತೆಗೆದೆನಲ್ಲ, ನಿಮ್ಮ ಅತ್ತೆ ಕೆಳಗೆ ನನ್ನ ಸೀರೆಯ ಸೆರಗು ಹಿಡಿದು ನಿಂತಿದ್ದರು, "ಬಿದ್ದೀಯ ಯವ್ವಾ, ಹೌರಗ" ಎನ್ನುತ್ತ. ಒಳ್ಳೆಯ ಜೀವ.

ಈಗ ಕೇಳು. ಹದಿನೈದು ದಿನ ಆ ಫೋಟೋಗಳ ಮುಂದೆಯೇ ಕುಳಿತಿದ್ದೆ. ಕೈಗವಸು, ಆರಿದ ದೀಪ ಇವೆಲ್ಲ ಆ ಕಾಲದ ಚಿತ್ರಗಳಲ್ಲಿ ಸಾಮಾನ್ಯ. ಕೈಗವಸು ಮುರಿದ ಮಾತು, ದೀಪ ಸತ್ತ ಆಸೆ. ಆದರೆ ಆ ಹಸಿರು! ಎರಡೂ ಮಣಿಕಟ್ಟಿಗೆ ಸುತ್ತಿದ ಸಣ್ಣ ಸಣ್ಣ ಹಸಿರು ಗೆರೆಗಳು. ಇಂಗ್ಲಿಷರಿಗೆ ಹಸಿರು ಅಸೂಯೆಯ ಬಣ್ಣ. ಗಂಡ ಬೇರೊಬ್ಬಳನ್ನು ಮೆಚ್ಚಿದ ಸುದ್ದಿ ಮಾರ್ವೆನ್ನಳಿಗೆ ಬಂದಿದೆ. ಅಸೂಯೆ ಅವಳ ಕೈ ಕಟ್ಟಿಹಾಕಿದೆ, ಪುಸ್ತಕದ ಹಾಳೆ ತಿರುವಲೂ ಬಿಡುತ್ತಿಲ್ಲ. ಹಳದಿ ಹೂವು ದ್ರೋಹದ ಗುರುತು. ಅಸೂಯೆಯನ್ನು ಕೋಳ ಮಾಡಿ ತೋರಿಸಿದ ಚಿತ್ರಕಾರ ಇವನೊಬ್ಬನೇ ಇರಬೇಕು. ರಘೋತ್ತಮ ಸರ್ ಓದಿ, "ರಂಜನಾ, ನಿನ್ನ ಪ್ರಬಂಧದ ಜೀವಾ ಇಲ್ಲೇ ಅದ" ಎಂದರು. ಎಂಟು ವರ್ಷದಲ್ಲಿ ಮೊದಲ ಸಲ ಹೊಗಳಿದ್ದು.

ನೀನು ಇಪ್ಪತ್ನಾಲ್ಕು ವರ್ಷದಿಂದ ಆ ಚಿತ್ರದ ಕೆಳಗೇ ಓಡಾಡುತ್ತಿದ್ದೀಯ. ಓದು ಬಿಡದೆ ಇದ್ದಿದ್ದರೆ ನಿನಗೂ ಇದು ಹೊಳೆಯುತ್ತಿತ್ತು, ಅಲ್ಲವೇ? ಬೇಸರ ಮಾಡಿಕೊಳ್ಳಬೇಡ, ಸುಮ್ಮನೆ ಅನ್ನಿಸಿತು.

ರಂಜನಾ


ಚಚಡಿ
29 ಆಗಸ್ಟ್ 2024

ಹುಚ್ಚಿ ರಂಜಿ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಕೆಲಸದ ಯಲ್ಲವ್ವ "ಏನಾತ್ರಿ ಅಕ್ಕಾರ" ಎಂದು ಓಡಿ ಬಂದಳು. ಅವು ಬಳೆ ಕಣೇ. ಹಸಿರು ಬಳೆ! ನೀನು ರಾಮದುರ್ಗದಲ್ಲಿ ಹುಟ್ಟಿದವಳು, ನಿನ್ನ ಮದುವೆಯಲ್ಲಿ ಮೊಣಕೈತನಕ ಹಸಿರು ಬಳೆ ಇಟ್ಟುಕೊಂಡು ಕುಳಿತಿದ್ದೆ, ಕುಪ್ಪಸದ ತೋಳು ಅಡ್ಡ ಬಂದು ನಾನೇ ಮಡಚಿದ್ದೆ. ಇಂಗ್ಲಿಷ್ ಪುಸ್ತಕ ಹೇಳಿದ್ದು ಕಂಡಿತು, ಕಣ್ಣಿಗೆ ಕಂಡದ್ದು ಕಾಣಲಿಲ್ಲ.

ಆ ಬಳೆ ಚಿತ್ರಕಾರ ಬರೆದದ್ದಲ್ಲ. ನಮ್ಮ ಅತ್ತೆ ಹೊಲಿದದ್ದು. ಫೋಟೋ ಫ್ರೇಮಿನ ಹಿಂದಿನ ಹಲಗೆ ತೆಗೆದು, ಕಾಗದಕ್ಕೇ ಸೂಜಿ ಚುಚ್ಚಿ, ಕಸೂತಿಯ ರೇಷ್ಮೆ ದಾರದಲ್ಲಿ. ಮೊದಲೆಲ್ಲ ಲಕ್ಷ್ಮಿ, ಸರಸ್ವತಿಯರ ಫೋಟೋಗಳಿಗೆ ಜರಿ, ಮಣಿ, ಟಿಕಲಿ ಹಚ್ಚಿ ಸಿಂಗರಿಸುತ್ತಿದ್ದರಲ್ಲ, ಹಾಗೆ. ಹೂವೂ ಅವರದೇ, ಸೇವಂತಿಗೆ. ಯಾಕೆ ಹೊಲಿದರೋ ನಾನು ಕೇಳಿಲ್ಲ. ಎಡಗೈಯಲ್ಲಿ ಐದು, ಬಲಗೈಯಲ್ಲಿ ಆರು ಇವೆ. ಬಳೆಗಾರರು ಮದುಮಗಳಿಗೆ ಒಂದು ಹೆಚ್ಚಿಗೆ ಇಡಿಸುತ್ತಾರಲ್ಲ, ಆ ಲೆಕ್ಕ.

ಬೇಗ ತಿದ್ದಿಕೋ, ಇಲ್ಲದಿದ್ದರೆ ದೊಡ್ಡವರ ಮುಂದೆ

ಇಲ್ಲಿಯವರೆಗೆ ಬರೆದು ನಿಲ್ಲಿಸಿದೆ. ನಿನ್ನ ಕಾಗದದ ಕೊನೆಯ ಸಾಲು ಮತ್ತೆ ಓದಿದೆ. ಓದು ಬಿಡದೆ ಇದ್ದಿದ್ದರೆ ನಿನಗೂ ಹೊಳೆಯುತ್ತಿತ್ತು. ಓದು ಬಿಟ್ಟವಳಿಗೆ ಹೊಳೆದದ್ದನ್ನು ಓದಿದವಳಿಗೆ ಯಾಕೆ ಹೇಳಬೇಕು? ಇದನ್ನು ಅಂಚೆಗೆ ಹಾಕುವುದಿಲ್ಲ.


ಚಚಡಿ
31 ಆಗಸ್ಟ್ 2024

ಪ್ರೀತಿಯ ರಂಜನಾ,

ಎಷ್ಟು ಚೆಂದ ಹೊಳೆದಿದೆ ನಿನಗೆ. ನನ್ನ ಮಂದ ತಲೆಗೆ ಇದು ಯಾವ ಕಾಲಕ್ಕೂ ಬರುತ್ತಿರಲಿಲ್ಲ. ಸರ್ ಹೊಗಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನಿನಗೆ ಉಪಯೋಗವಾದೀತೆಂದು ಒಂದು ಮಾತು. ಎಣಿಸಿ ನೋಡಿದೆ. ಹಸಿರು ಗೆರೆಗಳು ಎಡಗೈಗೆ ಐದು, ಬಲಗೈಗೆ ಆರು. ಒಟ್ಟು ಹನ್ನೊಂದು. ಇದಕ್ಕೂ ಏನಾದರೂ ಅರ್ಥ ಇದ್ದರೆ ನೀನೇ ಹುಡುಕಬೇಕು, ಮೇಡಂ.

ಅನ್ನಪೂರ್ಣಾ


ರಾಮದುರ್ಗ
14 ಜನವರಿ 2025

ಪ್ರೀತಿಯ ಅನ್ನಪೂರ್ಣಾ,

ಸಂಕ್ರಮಣದ ಎಳ್ಳು ಬೆಲ್ಲ ಈ ಕಾಗದದ ಜೊತೆ ಕಳಿಸಿದ್ದೇನೆ. ನಿನ್ನ ಹನ್ನೊಂದು ಎಂಥ ಉಪಕಾರ ಮಾಡಿತು ಗೊತ್ತೇ? ಆ ಕವನದಲ್ಲಿ ಹನ್ನೊಂದು ಭಾಗಗಳಿವೆ! ಐದರಲ್ಲಿ ಗಂಡ ಜೊತೆಗಿರುತ್ತಾನೆ, ಆರರಲ್ಲಿ ಇರುವುದಿಲ್ಲ. ಚಿತ್ರಕಾರ ಒಂದೊಂದು ಭಾಗಕ್ಕೆ ಒಂದೊಂದು ಗೆರೆ ಎಳೆದಿದ್ದಾನೆ. ಸರ್ ಕುರ್ಚಿಯಿಂದ ಎದ್ದೇ ನಿಂತರು.

ಫೆಬ್ರವರಿ ಎಂಟರಂದು ಕಿತ್ತೂರಿನ ಕಾಲೇಜೊಂದರಲ್ಲಿ ವಿಚಾರಸಂಕಿರಣವಿದೆ. ಅಲ್ಲಿ ಇದನ್ನೇ ಓದುತ್ತೇನೆ. ನನ್ನ ಪ್ರಬಂಧದ ಪರೀಕ್ಷಕರಾಗುವವರೂ ಬರುತ್ತಾರೆ. ಅಲ್ಲಿ ಗೆದ್ದರೆ ಮಾರ್ಚಿನಲ್ಲಿ ಒಪ್ಪಿಸುವುದು ಬರೀ ಶಾಸ್ತ್ರ. ಇಪ್ಪತ್ತು ವರ್ಷ ಸ್ಟಾಫ್ ರೂಮಿನಲ್ಲಿ ನನಗಿಂತ ಸಣ್ಣವರೆಲ್ಲ ಡಾಕ್ಟರ್ ಎನ್ನಿಸಿಕೊಂಡದ್ದನ್ನು ಕೇಳಿಸಿಕೊಂಡು ಕುಳಿತಿದ್ದೇನೆ. ಈ ಸಲ ನನ್ನ ಸರದಿ.

ನೀನು ಬರಲೇಬೇಕು. ಕೃತಜ್ಞತೆಯಲ್ಲಿ ನಿಮ್ಮ ಮನೆಯ ಹೆಸರು ಹಾಕಿದ್ದೇನೆ: "ಚಿತ್ರವನ್ನು ನೋಡಲು ಅವಕಾಶ ಕೊಟ್ಟ ಶ್ರೀ ಸುಭಾಸ, ಚಚಡಿ." ಮನೆ ನಿನ್ನ ಯಜಮಾನರ ಹೆಸರಿನಲ್ಲಿದೆಯಲ್ಲ, ಹಾಗೆಯೇ ಬರೆಯಬೇಕಂತೆ. ಅತ್ತೆಯವರನ್ನೂ ಕರೆದುಕೊಂಡು ಬಾ. ಅವರ ಮನೆಯ ದೊರೆಸಾನಿಯನ್ನು ದೊಡ್ಡ ಪರದೆಯ ಮೇಲೆ ನೋಡಲಿ.

ರಂಜನಾ


ಚಚಡಿ
25 ಜನವರಿ 2025

ರಂಜನಾ,

ಎಳ್ಳು ಬೆಲ್ಲ ಮುಟ್ಟಿತು. ಬರುತ್ತೇವೆ. ಈಗ ಕಬ್ಬಿನ ಹಂಗಾಮು, ಇವರು ದಿನಾ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೋಗುತ್ತಾರೆ, ನಮ್ಮನ್ನು ಕಿತ್ತೂರಿನಲ್ಲಿ ಇಳಿಸಿ ಹೋಗುತ್ತಾರಂತೆ. "ನಂದೂ ಹೆಸರು ಹಾಕ್ಯಾರೇನು? ನಾ ಏನ ಮಾಡೇನಿ?" ಎಂದು ಇವರು ಕೇಳಿದರು. ನಿಜವಾಗಿ ಅವರು ಆ ಚಿತ್ರದ ಕಡೆ ಒಂದು ಸಲವೂ ತಲೆ ಎತ್ತಿ ನೋಡಿದವರಲ್ಲ.

ನಿನಗೊಂದು ಮಾತು ಹೇಳಬೇಕಿತ್ತು. ಮೂರು ಸಲ ಫೋನು ಹಿಡಿದು ಇಟ್ಟೆ. ಸಿಕ್ಕಾಗ ಹೇಳುತ್ತೇನೆ.

ಅನ್ನಪೂರ್ಣಾ


ರಾಮದುರ್ಗ
11 ಫೆಬ್ರವರಿ 2025

ಅನ್ನಪೂರ್ಣಾ,

ನಿನಗೆ ಗೊತ್ತಿತ್ತು.

ಮೂರು ದಿನದಿಂದ ಬೇರೆ ಏನೂ ತಲೆಯೊಳಗೆ ಬರುತ್ತಿಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ ನನ್ನ ಪಕ್ಕದಲ್ಲೇ ನಿಂತಿದ್ದೆ. ಹೇಳಬೇಕಾದ ಮಾತು ಏನು ಎಂದು ನಾನೇ ಕೇಳಿದೆ. "ಆಮೇಲೆ" ಎಂದೆ. ನಾನು ಇನ್ನೂರು ಜನರ ಮುಂದೆ ವೇದಿಕೆ ಹತ್ತಿ ನಿಂತು, ಪರದೆಯ ಮೇಲೆ ಆ ಕೈಗಳನ್ನು ದೊಡ್ಡದು ಮಾಡಿ ತೋರಿಸಿ, ಅಸೂಯೆಯ ಹನ್ನೊಂದು ಕೋಳ ಎಂದು ಓದುತ್ತಿದ್ದೆ. ಆಗ ನಿಮ್ಮ ಅತ್ತೆ ಎದ್ದು ನಿಂತರು.

"ಸರ, ಅವು ಬಳಿ ಅದಾವ್ರಿ. ನಾನ ಹೊಲದೇನಿ. ನೋಡ್ರಿ, ಈ ಬಾಜು ದಾರ ಮುಗದಿತ್ತು, ಗಂಟ ಹಾಕೇನಿ."

ಗಂಟು ಕಾಣುತ್ತಿತ್ತು, ಅನ್ನಪೂರ್ಣಾ. ಅಷ್ಟು ದೊಡ್ಡ ಪರದೆಯ ಮೇಲೆ ಗಂಟು, ಸೂಜಿಯ ತೂತು ಎಲ್ಲ ಕಾಣುತ್ತಿದ್ದವು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ನಕ್ಕಿತು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಹಾಳೆ ಮಡಚಿ ಕೆಳಗಿಳಿದು ಹೊರಗಿನ ನಳದ ಹತ್ತಿರ ನಿಂತು ಅಳತೊಡಗಿದೆ. ನಿಮ್ಮ ಅತ್ತೆಯೇ ಬಂದು ಬೆನ್ನು ಸವರಿದರು, "ನಾ ಏನರ ತಪ್ಪ ಮಾತಾಡಿದ್ನ್ಯಾ ಯವ್ವಾ?" ಎಂದು. ನೀನು ಕಂಬದ ಹತ್ತಿರ ನಿಂತಿದ್ದೆ. ಹತ್ತಿರ ಬರಲಿಲ್ಲ.

ನಾನು ಏನು ಮಾಡಿದ್ದೆ ನಿನಗೆ?

ರಂಜನಾ


ಚಚಡಿ
17 ಫೆಬ್ರವರಿ 2025

ರಂಜನಾ,

ಹೌದು, ಗೊತ್ತಿತ್ತು. ಆಗಸ್ಟಿನಲ್ಲಿ ಬರೆದು ಹಾಕದೆ ಇಟ್ಟ ಕಾಗದವನ್ನು ಇದರ ಜೊತೆ ಕಳಿಸುತ್ತಿದ್ದೇನೆ, ಓದು. ಅತ್ತೆ ಎದ್ದು ನಿಲ್ಲುತ್ತಾರೆಂದು ಮಾತ್ರ ಗೊತ್ತಿರಲಿಲ್ಲ. ಯಾರಿಗೂ ತಿಳಿಯುವುದಿಲ್ಲ, ನೀನು ಚಪ್ಪಾಳೆ ಹೊಡೆಸಿಕೊಳ್ಳುತ್ತೀಯ, ನಾನು ಕೆಳಗೆ ಕುಳಿತು ಒಳಗೊಳಗೇ ನಗುತ್ತೇನೆ, ಅಷ್ಟೇ ನನ್ನ ವಿಚಾರ. ಅಷ್ಟರಿಂದಲೇ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಎಂಥ ನೀಚ ಆಸೆ ನೋಡು.

ನೀನು ಏನು ಮಾಡಿದ್ದೆ ಎಂದು ಕೇಳಿದ್ದೀಯ. ಏನೂ ಮಾಡಿಲ್ಲ. ನೀನು ಬರೀ ನಾನು ಆಗಬೇಕಾದದ್ದು ಆದೆ. ಕುರ್ಚಿಯ ಮೇಲೆ ಹತ್ತಿ ಫೋಟೋ ತೆಗೆಯುವಾಗ ನಿನ್ನ ಚೀಲದಲ್ಲಿ ನಾಲ್ಕು ಪುಸ್ತಕ ಇದ್ದವು. ನೀನು ಕೈಕಾಲು ತೊಳೆಯಲು ಹೋದಾಗ ತೆಗೆದು ನೋಡಿದೆ. ಪ್ರತಿ ಹಾಳೆಯಲ್ಲೂ ಪೆನ್ಸಿಲ್ ಗೆರೆ. ನನಗೆ ಅವನ್ನು ಹರಿದುಹಾಕಬೇಕು ಅನ್ನಿಸಿತು. ಆಮೇಲೆ ಹೋಳಿಗೆ ಬಡಿಸಿದೆ. ಹಸಿರು ನನ್ನ ಕೈಗೇ ಇತ್ತು ರಂಜಿ, ನೀನು ಗೋಡೆಯ ಮೇಲೆ ಹುಡುಕಿದೆ.

ಕ್ಷಮಿಸು ಎಂದು ಬರೆಯಲು ನಾಚಿಕೆ. ಆದರೂ ಬರೆಯುತ್ತಿದ್ದೇನೆ. ನಿನ್ನ ಪ್ರಬಂಧ ಏನಾಯಿತು?

ಅನ್ನಪೂರ್ಣಾ


ರಾಮದುರ್ಗ
26 ಮಾರ್ಚ್ 2025

ಅನ್ನಪೂರ್ಣಾ,

ಕಾಗದ ಹರಿದುಹಾಕಿದೆ. ಮತ್ತೆ ತುಂಡು ಜೋಡಿಸಿ ಓದಿದೆ. ಸಿಟ್ಟು ಇನ್ನೂ ಇದೆ.

ಆದರೆ ನೀನು ಕೇಳಿದ್ದಕ್ಕೆ ಉತ್ತರ ಹೇಳಲೇಬೇಕು, ಹೇಳುವಾಗ ಸ್ವಲ್ಪ ಖುಷಿಯೂ ಆಗುತ್ತದೆ. ನೀನೂ ನೋಡಿರಬೇಕು, ಆ ದಿನ ನಾನು ಊರಿಗೆ ಹೊರಟುಹೋದ ಮೇಲೆ ಪರೀಕ್ಷಕರು ನಿಮ್ಮ ಅತ್ತೆಯನ್ನು ಕೂರಿಸಿಕೊಂಡು ಅರ್ಧ ತಾಸು ಮಾತಾಡಿಸಿದರಂತೆ. ರಘೋತ್ತಮ ಸರ್ ಒಂದು ವಾರದ ಮೇಲೆ ಫೋನು ಮಾಡಿ, "ಆ ಚಿತ್ರಕಾರನ್ನ ಬಿಡು. ಚಿತ್ರಾ ತಿದ್ದಿದಾಕೀನ ಹಿಡಿ" ಎಂದರು. ಆರು ತಿಂಗಳು ಅವಧಿ ಕೊಡಿಸಿದ್ದಾರೆ. ಇಂಗ್ಲಿಷ್ ನಾಯಕಿಯ ಸಂಕೇತಗಳನ್ನು ಓದಿ ಒಪ್ಪದೆ, ಸೂಜಿ ಹಿಡಿದು ಬದಲಿಸಿದ ಹೆಂಗಸು ಇಡೀ ದೇಶದಲ್ಲಿ ಇನ್ನೊಬ್ಬಳಿದ್ದರೆ ತೋರಿಸಲಿ. ನೀನು ಆಗಸ್ಟಿನಲ್ಲೇ ಹೇಳಿದ್ದರೆ ನಾನು ಹಸಿರಿನ ಮಾತು ಅಳಿಸಿ ಮುಂದೆ ಹೋಗುತ್ತಿದ್ದೆ. ನೀನು ಮುಚ್ಚಿಟ್ಟದ್ದರಿಂದ ನನಗೆ ಒಳ್ಳೆಯ ಪ್ರಬಂಧ ಸಿಕ್ಕಿತು. ಹೊಟ್ಟೆ ಉರಿದುಕೋ.

ಇನ್ನೊಂದು. ಮೊನ್ನೆ ಗುರುವಾರ ನೀನು ಸವದತ್ತಿಗೆ ಹೋದ ದಿನ ನಾನು ಚಚಡಿಗೆ ಬಂದಿದ್ದೆ. ನಿನ್ನ ಸ್ಟೇಟಸ್ಸು ನೋಡಿ, ಬೇಕೆಂದೇ ನೀನಿಲ್ಲದ ದಿನ ಬಂದೆ. ನಿಮ್ಮ ಅತ್ತೆ ತಂಗೆವ್ವನವರ ಜೊತೆ ಮಧ್ಯಾಹ್ನವಿಡೀ ಕುಳಿತೆ. ಮದುವೆಯಾಗಿ ಬಂದಾಗ ಅವರಿಗೆ ಹದಿನಾರು. ಮಾವ ಗಂಗಯ್ಯನವರು ಒಂದು ದಿನ, "ಬರಿಗೈಲೆ ಕುಂತಾಳ. ಮುತ್ತೈದೇರ ಇರೂ ಮನ್ಯಾಗ ಇಂಥಾ ಫೋಟೋ ಬ್ಯಾಡ, ತಗದ ಹಿತ್ತಲಕ ಒಗೀರಿ" ಎಂದರಂತೆ. ಅವತ್ತೇ ಇವರು ತವರಿನಿಂದ ತಂದ ದಾರ ತೆಗೆದು ಬಳೆ ಹೊಲಿದರು, ಹೂ ಮುಡಿಸಿದರು. "ಈಗ ಬರಿಗೈ ಇಲ್ಲಲ್ರಿ ಮಾವಾರ" ಎಂದು ಮತ್ತೆ ಗೋಡೆಗೆ ಹಾಕಿಸಿದರಂತೆ. ಹೇಳುತ್ತ ಎಷ್ಟು ನಕ್ಕರು!

ಇಪ್ಪತ್ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ನೀನು ಇದನ್ನು ಕೇಳಿರಲಿಲ್ಲ. ನನಗೆ ಒಂದೇ ಮಧ್ಯಾಹ್ನದಲ್ಲಿ ಹೇಳಿದರು.

ಆದರೆ ಪೂರ್ತಿ ಹೇಳಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಆ ಚಿತ್ರ ಮನೆಯಲ್ಲಿ ಉಳಿಯಲೇಬೇಕು ಎಂದು ಯಾಕೆ ಅನ್ನಿಸಿತು ಎಂದು ಎರಡು ಸಲ ಕೇಳಿದೆ. "ಅದು ನಿನಗ ಹೇಳೂ ಮಾತಲ್ಲ, ನನ್ನ ಸೊಸಿಗಿ ಹೇಳತೇನಿ. ಆಕಿ ಕೇಳಲಿ" ಎಂದರು. ಬಸ್ಸಿನಲ್ಲಿ ರಾಮದುರ್ಗದತನಕ ನನಗೆ ಅದೇ ಸಂಕಟ. ನಿನ್ನ ಮೇಲೆ ನನಗೆ ಹಾಸ್ಟೆಲಿನಿಂದಲೂ ಹೊಟ್ಟೆಕಿಚ್ಚು, ಇವತ್ತಿಗೂ ಇದೆ. ಕೇಳಿ ಬರೆ. ಪ್ರಬಂಧಕ್ಕೆ ಅದೊಂದೇ ಬಾಕಿ.

ರಂಜನಾ


ಚಚಡಿ
6 ಏಪ್ರಿಲ್ 2025

ರಂಜಿ,

ನಿನ್ನ ಕಾಗದ ಬಂದು ಒಂದು ವಾರ ನಾನು ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೊರಗಿನವಳ ಮುಂದೆ ಎಲ್ಲ ಬಿಚ್ಚಿ ಹೇಳಿದರು, ಸೊಸೆಗೆ ಒಂದು ಮಾತಿಲ್ಲ ಎಂದು ಉರಿ. ರೊಟ್ಟಿ ಬಡಿಯುವಾಗ ತಟ್ಟೆಗಳ ಮೇಲೆಲ್ಲ ಸಿಟ್ಟು ತೆಗೆದೆ. ನಿನ್ನೆ ಅವರೇ ಕೇಳಿದರು, "ಏನವಾ, ರಾಮದುರ್ಗದಾಕಿ ಏನ ಬರದಾಳ? ಮಾರಿ ಊದಿಸ್ಕೊಂಡ ಅಡ್ಡಾಡಾಕತ್ತಿ."

ಕೇಳಿಬಿಟ್ಟೆ. ಜೋರಾಗಿಯೇ ಕೇಳಿದೆ. "ಆ ದೊರೆಸಾನಿ ಗೋಡಿ ಮ್ಯಾಲ ಇದ್ರೇನು, ಹಿತ್ತಲದಾಗ ಇದ್ರೇನು? ಅಷ್ಟ್ಯಾಕ ಬೇಕಾಗಿದ್ಲು ನಿಮಗ?"

ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

"ನಾ ಬಂದಾಗ ಈ ಮನ್ಯಾಗ ಹನ್ನೆರಡ ಮಂದಿ ಹೆಂಗಸರು. ಪುಸ್ತಕ ಹಿಡದಾಕಿ ಒಬ್ಬಾಕಿನೂ ಇರಲಿಲ್ಲ. ಆಕಿ ಒಬ್ಬಾಕಿ ಗೋಡಿ ಮ್ಯಾಲ ಆರಾಮ ಕುಂತ ಓದತಿದ್ಲು. ಯಾರೂ ಕರಿಯೂದಿಲ್ಲ, ಯಾರೂ ಬೈಯೂದಿಲ್ಲ. ನನಗ ನೋಡಾಕ ಬೇಕನಸ್ತಿತ್ತು. ಆಮ್ಯಾಲ ಸುಭಾಸಗ ಹೆಣ್ಣ ನೋಡೂ ಮುಂದ ಎಂ.ಎ. ಓದಿದಾಕೀನ ಬೇಕು ಅಂತ ಎಲ್ಲಾರ ಜೋಡಿ ಜಗಳಾ ಮಾಡಿ ನಿನ್ನ ತಂದ್ನಿ. ನೀ ಬಂದ ಮೂರನೇ ದಿನಾ ನಿನ್ನ ಪುಸ್ತಕದ ಟ್ರಂಕ ನೀನ ಅಟ್ಟಕ್ಕ ಏರಿಸಿದಿ. ಇವತ್ತ ಇಳಸ್ತಾಳ, ನಾಳಿ ಇಳಸ್ತಾಳ ಅಂತ ನೋಡಿದ್ನಿ. ಇಳಸಲಿಲ್ಲ ನೀ. ಬ್ಯಾಡ ಅಂತ ಯಾರ ಅಂದಿದ್ರವಾ?"

ಯಾರೂ ಅಂದಿರಲಿಲ್ಲ, ರಂಜಿ. ನಾನು ಕೇಳಿಯೇ ಇರಲಿಲ್ಲ. ಅತ್ತೆಯ ಮನೆಯಲ್ಲಿ ಓದುತ್ತ ಕುಳಿತರೆ ಏನಂದಾರೋ ಎಂದು ನಾನೇ ಅಂದುಕೊಂಡೆ, ನಾನೇ ಹೆದರಿದೆ. ಬಿಡಿಸಿದರು, ಬಿಡಿಸಿದರು ಎಂದು ನಿನಗೆ ಹೇಳಿದೆ, ತವರಿನವರಿಗೆ ಹೇಳಿದೆ. ಇಪ್ಪತ್ನಾಲ್ಕು ವರ್ಷ ಹೇಳಿ ಹೇಳಿ ನಾನೂ ನಂಬಿದೆ. ಅದೇ ಸಿಟ್ಟನ್ನು ನಿನ್ನ ಮೇಲೆ ಹಾಕಿದೆ. ಅತ್ತೆ ಮತ್ತೆ ಮೊರ ಎತ್ತಿಕೊಂಡು ಜೋಳ ಹಸನು ಮಾಡತೊಡಗಿದರು.

ಗಂಗಯ್ಯನವರ ಮಾತು, ಬಳೆ, ಹೂವು ಎಲ್ಲ ನೀನು ಬರೆದುಕೋ, ಅವು ನಿನ್ನವು. ಡಾಕ್ಟರ್ ಆಗು, ನಾನು ಉರಿದುಕೊಳ್ಳುತ್ತಲೇ ಚಪ್ಪಾಳೆ ಹೊಡೆಯುತ್ತೇನೆ. ಆದರೆ ಈ ಕಾಗದದಲ್ಲಿ ಬರೆದ ಅತ್ತೆಯ ಮಾತನ್ನು ನಿನ್ನ ಪ್ರಬಂಧದಲ್ಲಿ ಹಾಕಬೇಡ. ಒಂದು ಸಾಲೂ ಹಾಕಬೇಡ. ಅದು ನನಗೆ ಹೇಳಿದ್ದು.

ಅನ್ನಪೂರ್ಣಾ